ಕಾದಂಬರ್ಯಾಗಿನ ಸಾವಿಗಿ ನಮ್ಮನ್ಯಾಗ ಉಪಾಸ

ಓದೂದಂದ್ರ ನಂದಽ. ಇಡೀ ಭಂಕೂರದಾಗ ನನ್ನಂಗ ದನಿ ತಗದು ಓದಾವ ಇನ್ನೊಬ್ಬ ಇಲ್ಲ. ಹಂಗಂತ ಮಂದಿ ಹೇಳ್ತಾರ. ಮಂದಿ ಅಂದ್ರ ನಾನಽ!

ನಮ್ಮಕಿದು, ಅಂದ್ರ ನನ್ನ ಹೇಣ್ತಿದು, ಕಣ್ಣಿನ ಆಪರೇಶನ್ ಆಗಿತ್ತು. ಓದಬಾರ್ದು, ಒಲಿ ಮುಂದ ಕುಂದರಬಾರ್ದು ಅಂತ ಡಾಕ್ಟರ್ ಹೇಳಿದ್ರು. ರೊಟ್ಟಿ ಬಾಜೂ ಮನಿ ನೀಲಮ್ಮ ಮಾಡಿ ಕಳಸ್ತಿದ್ಲು. ನಮ್ಮಕಿ ಅರ್ಧ ಓದಿಟ್ಟ ಕಾದಂಬರಿ ಓದಿ ಹೇಳೂ ಜಿಮ್ಮೇದಾರಿ ನನಗ ಬಿತ್ತು. ಯಾವುದೋ ದೇಶದ ಹಳ್ಳಿ. ಅಪ್ಪ ಯುದ್ಧಕ್ಕ ಹೋಗ್ಯಾನ. ನೇಗಿಲದ ಹಿಡಿ ಎಟುಕಲಾರದ ಹುಡುಗ ಹೊಲ ಮಾಡ್ಕೊಂಡು ದಿನಾ ಅಪ್ಪನ ದಾರಿ ಕಾಯ್ತಾನ.

"ಅವರಪ್ಪ ಬರ್ತಾನೋ ಇಲ್ಲೋ, ಅಷ್ಟು ಹೇಳ್ರಿ," ನಮ್ಮಕಿದು ಒಂದಽ ಗೋಳು.

ನೀಲಮ್ಮನೂ ತೊಗರಿ ಹಸನ ಮಾಡ್ಕೋತ ಕೇಳಾಕ ಕುಂತ್ಲು. ಹಿಂದಿಂದಽ ಓಣಿ ಹೆಣ್ಣಮಕ್ಕಳೆಲ್ಲಾ ಬಂದ್ರು. ಇಷ್ಟು ಮಂದಿ ಬಾಯಿ ತಕ್ಕೊಂಡು ಕುಂತ್ರ ನನ್ನ ಬುದ್ಧಿ ಸುಮ್ನ ಇರ್ತದೇನು? ಪುಸ್ತಕದಾಗ ಇಲ್ಲದ್ದು ಓದಿದೆ:

"ಅಪ್ಪ ಗುಂಡು ಬಡದು ಸತ್ತ!"

ನಮ್ಮಕಿ ಸೆರಗು ಬಾಯಿಗಿ ಹಿಡಿದ್ಲು. ನೀಲಮ್ಮ ಮೊರ ಕೆಳಗಿಟ್ಟು ಎದ್ದು ಹೋದ್ಲು. ನನಗ ಒಳಗಽ ಖುಷಿ.

ಸಂಜಿಗಿ ರೊಟ್ಟಿ ಬರಲಿಲ್ಲ!

ಹೋಗಿ ನೋಡಿದ್ರ ನೀಲಮ್ಮನ ಒಲಿ ತಣ್ಣಗ.

"ರೊಟ್ಟಿ ಎಲ್ಲಿ ತಂಗಿ?"

"ಆ ಕೂಸಿನ ಅಪ್ಪ ಹೋಗ್ಯಾನ. ಸಾವಿನ ಸುದ್ದಿ ಕೇಳಿದ ದಿನ ಒಲಿ ಹೆಂಗ ಹಚ್ಚಲಿ ಕಾಕಾ?"

"ಏ, ಅಂವ ಸತ್ತಿಲ್ಲ! ನಾ ಚೇಷ್ಟಿ ಮಾಡೀನಿ!"

"ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ್ರಿ."

ಮನಿಗಿ ಬಂದು ಪುಸ್ತಕದ ಮ್ಯಾಲೆ ಕೈಯಿಟ್ಟು ಅಂವ ಸತ್ತಿಲ್ಲಂತ ಆಣಿ ಮಾಡಿದೆ. "ಹೋದಾಂವನ ಹೆಸರ್ಲೆ ಆಣಿ ಮಾಡಬ್ಯಾಡ್ರಿ," ಅಂದ್ಲು ನಮ್ಮಕಿ. ಚುರಮುರಿ ಡಬ್ಬಿ ತಡಕಿದೆ. ಖಾಲಿ. ನೀರು ಕುಡದು ಮಕ್ಕೊಂಡೆ.

ಮರುದಿನ ಎಲ್ಲಾರ್ನೂ ಕೈಮುಗದು ಕರದು, ಇದ್ದದ್ದು ಇದ್ದಂಗ ಓದಿದೆ. ಅಪ್ಪ ಯುದ್ಧದಿಂದ ತಿರುಗಿ ಬಂದ. ಅಂಗಳದಾಗ ಮೀಸಿ ಚಿಗುರಿದಾಂವ ಒಬ್ಬ ಎತ್ತಿಗಿ ಮೇವು ಹಾಕಾಕತ್ತಿದ್ದ. ಅಪ್ಪ ಅವಂಗ ಕೇಳಿದ: "ತಮ್ಮಾ, ಈ ಮನ್ಯಾಗ ನನ್ನ ಸಣ್ಣ ಮಗ ಇದ್ದ. ಎಲ್ಲಿ ಹೋದ?"

ಮುಂದಿನ ಸಾಲು ನನಗ ಓದಾಕ ಆಗಲಿಲ್ಲ. ಕಣ್ಣಾಗ ದಳದಳ ನೀರು. ಬಾಯಿ ತಗದ್ರ ಬರೇ ಬಿಕ್ಕು!

"ಸಾಕು ನಿಮ್ಮ ನಾಟಕ! ಈಗ ಯಾರನ್ನ ಕೊಲ್ಲಾಕತ್ತೀರಿ?" ನಮ್ಮಕಿ ಗದರಿದ್ಲು. "ನೀಲಮ್ಮ, ಪುಸ್ತಕ ಕಸ್ಕೋ!"

ನೀಲಮ್ಮ ಕಸ್ಕೊಂಡು, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದ್ಲು: "ನಾನಽ... ಅಪ್ಪಾ."

"ಬಂದ್ನಲ್ಲವ್ವಾ!" ನಮ್ಮಕಿ ಎರಡೂ ಕೈ ಜೋಡಿಸಿದ್ಲು. ನೀಲಮ್ಮ ಒಲಿ ಹಚ್ಚಾಕ ಓಡಿದ್ಲು.

ನಾ ಇನ್ನೂ ಬಿಕ್ಕಾಕತ್ತಿದ್ದೆ. ಓಣಿ ಹೆಣ್ಣಮಕ್ಕಳು ಹೊಂಟು ನಿಂತು ಶಾಬಾಶ್‌ಗಿರಿ ಕೊಟ್ರು:

"ಈ ಸಲ ಭಾಳ ಚಲೋ ಅತ್ತ್ರಿ ಕಾಕಾ. ಥೇಟ್ ಖರೇ ಹಂಗಽ ಅನಸ್ತು!"