ಅಡುಗೆಮನೆಯ ಕೆಳಗಿನ ಬಾವಿ

ಬಾಲಚಂದ್ರ ಬ್ಯಾಂಕಿನ ಗುಮಾಸ್ತ, ಸುಳ್ಳು ಹೇಳಲು ಬಾರದ ಆಸಾಮಿ. ಅಂಥವನು ಆ ಭಾನುವಾರ ಬೆಳಿಗ್ಗೆ ತಾನಿದ್ದ ಬಾಡಿಗೆ ಮನೆಯಲ್ಲಿ ಒಂದು ಬಾವಿ ತೋಡಿದ. ಅದೂ ಬರೀ ಬಾಯಲ್ಲಿ.

ತುಮಕೂರಿನಿಂದ ವರ್ಗವಾಗಿ ವಿಜಯವಾಡಕ್ಕೆ ಬಂದಾಗಿನಿಂದ ಅವನದು ಪಟಮಟ ಬಡಾವಣೆಯ ಇದೇ ಮನೆ. ಈಗ ಮಾಲೀಕ ದುರ್ಗಾಪ್ರಸಾದ್ ಅದನ್ನು ಮಾರಲು ಹೊರಟಿದ್ದರು. ಬೇರೆ ಮನೆ ಸಿಗದ ಊರೇನಲ್ಲ. ಆದರೆ ಹಿತ್ತಿಲ ಸಿಮೆಂಟು ಹಸಿಯಿದ್ದಾಗ ಮಗಳು ಶುಭಾ ಓಡಿ ಮೂಡಿಸಿದ ಪುಟ್ಟ ಹೆಜ್ಜೆಯೊಂದು ಅಲ್ಲಿತ್ತು. ಕಳೆದ ಬೇಸಿಗೆಯಲ್ಲಿ ಮಿದುಳು ಜ್ವರ ಆ ಮಗುವನ್ನು ಒಯ್ದಿತ್ತು. ಹೆಂಡತಿ ಸುಮಿತ್ರಾ ದಿನವೂ ಹೆಜ್ಜೆಯ ಸುತ್ತ ರಂಗೋಲಿ ಹಾಕುತ್ತಿದ್ದಳು. "ಇದನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ ಕಣ್ರೀ" ಎಂದುಬಿಟ್ಟಿದ್ದಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ಊರಿಗೆ ವಾಸ್ತುವಿನ ಹುಚ್ಚು ಹಿಡಿದಿತ್ತು. ಜನ ಬಾಗಿಲು ಒಡೆದು ಕಿಟಕಿ ಮಾಡುತ್ತಿದ್ದರು, ಕಿಟಕಿ ಒಡೆದು ಬಾಗಿಲು. ಹೀಗಾಗಿ ಒನ್ ಟೌನ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬ ಮನೆ ನೋಡಲು ಬಂದಾಗ ಬಾಲಚಂದ್ರ ತೆಲುಗಿನವರ ಮರ್ಯಾದೆಯ 'ಅಂಡಿ' ಸೇರಿಸಿ ಮೆಲ್ಲಗೆ ಉಸುರಿದ.

"ಅಡುಗೆಮನೆ ಕೆಳಗೆ ಹಳೇ ಬಾವಿ ಇದೆಯಂತೆ ಅಂಡಿ. ಮುಚ್ಚಿ ಕಟ್ಟಿದಾರೆ."

ವ್ಯಾಪಾರಿ ಒಳಗಿಟ್ಟ ಕಾಲನ್ನು ಹೊರಗೆ ತೆಗೆದ.

ಪಕ್ಕದ ಮನೆಯ ಕೋಟೇಶ್ವರಮ್ಮನವರಿಗೆ ಗೋಡೆಯಾಚೆಯ ಮಾತು ಕೇಳದಿದ್ದರೆ ತಿಂದದ್ದು ಅರಗದು. ಎರಡನೆಯ ಗಿರಾಕಿ ಬರುವ ಹೊತ್ತಿಗೆ ಆಕೆ ಗೇಟಿನಲ್ಲೇ ನಿಂತಿದ್ದರು. "ಬಾವಿ ಇಲ್ಲದೆ ಏನು ಬಾಬು! ಹೊಸ ಸೊಸೆಯಾಗಿ ಬಂದಾಗ ನಾನೇ ನೀರು ಸೇದಿದೀನಿ. ಎಳನೀರಿನಂಥ ನೀರು!"

ಬಾಲಚಂದ್ರನಿಗೇ ಒಂದು ಗಳಿಗೆ ಬಾಯಾರಿತು.

ಮಧ್ಯಾಹ್ನ ಮೂರನೆಯ ಗಿರಾಕಿ, ಗವರ್ನರ್‌ಪೇಟೆಯ ಹೋಟೆಲಿನ ಸೂರ್ಯಪ್ರಕಾಶ, ವಾಸ್ತು ಸಿದ್ಧಾಂತಿಯನ್ನೇ ಕರೆತಂದ. ಸಿದ್ಧಾಂತಿ ಅಡುಗೆಮನೆಯ ನೆಲಕ್ಕೆ ಕಿವಿಯಿಟ್ಟು, "ನೀರಿನ ಸದ್ದು ಬರ್ತಿದೆ. ತುಂಬಾ ಆಳ" ಎಂದರು. ಅದು ಬಚ್ಚಲಿನ ನಲ್ಲಿ ಸೋರುವ ಸದ್ದು ಎಂದು ಬಾಲಚಂದ್ರ ಹೇಳಲಿಲ್ಲ.

"ಮನೇಲಿ ಅಶುಭ ಏನಾದ್ರೂ ಆಗಿದೆಯಾ?" ಎಂದು ಸಿದ್ಧಾಂತಿ ಕೇಳಿದರು.

ಜೊತೆಗೇ ಒಳಗೆ ನುಗ್ಗಿದ್ದ ಕೋಟೇಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂಗಾರದ ಬೊಂಬೆಯಂಥ ಮಗು. ಆ ಬಾವೀನೇ ತಗೊಂಡ್ತು. ಅಲ್ವಾ ಬಾಲಚಂದ್ರಗಾರು?"

ಬಾಲಚಂದ್ರ ಅಲ್ಲವೆನ್ನಲು ಬಾಯಿ ತೆರೆದ. ಆದರೆ ಗಿರಾಕಿಯ ಮುಖ ಬಿಳಿಚಿಕೊಂಡದ್ದು ಕಂಡು, ಹೌದೆಂದು ತಲೆಯಾಡಿಸಿದ. ಬೆಳಿಗ್ಗೆಯಿಂದ ಬಂದವರ ಮುಖ ನೋಡಲಾಗದೆ ಹಿತ್ತಿಲಲ್ಲಿ ಕೂತಿದ್ದ ಸುಮಿತ್ರಾ ಆಗ ಬಾಗಿಲಿಗೆ ಬಂದು ನಿಂತದ್ದನ್ನು ಅವನು ನೋಡಲಿಲ್ಲ.

ಸಂಜೆ ದುರ್ಗಾಪ್ರಸಾದ್ ಹಣೆ ಚಚ್ಚಿಕೊಳ್ಳುತ್ತ ಬಂದರು. "ನಮ್ಮಪ್ಪ ಕಟ್ಟಿಸಿದ ಮನೆ, ಬಾವಿ ಇದ್ದದ್ದು ನನಗೇ ಗೊತ್ತಿರಲಿಲ್ಲ ನೋಡಿ! ಇನ್ನು ಇದನ್ನ ಯಾರೂ ಮೂಸಲ್ಲ. ನೀವೇ ತಗೊಳ್ಳಿ ಬಾಲಚಂದ್ರಗಾರು. ನಿಮ್ಮ ಕೈಲಾದಷ್ಟು ಕೊಡಿ, ಸಾಕು."

ಕುರುಡನಿಗೆ ಕಣ್ಣು ಬಂದಂತಾಯಿತು. ಅವರನ್ನು ಜಗಲಿಯಲ್ಲೇ ಕೂರಿಸಿ ಬಾಲಚಂದ್ರ ಒಳಗೆ ಓಡಿದ. ಸುಮಿತ್ರಾ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

"ಬಾವಿ ವಿಷ್ಯ ಗೊತ್ತಿದ್ದೂ ಮಗೂನ ಇಲ್ಲೇ ಇಟ್ಕೊಂಡಿದ್ರಲ್ಲ" ಎಂದಳು. "ಇನ್ನು ಒಂದು ರಾತ್ರೀನೂ ನಾನಿಲ್ಲಿರಲ್ಲ."

"ಅಯ್ಯೋ, ಬಾವಿ ಗೀವಿ ಏನೂ ಇಲ್ಲ ಕಣೇ! ಮನೆ ಉಳಿಸ್ಕೊಳ್ಳೋಕೆ ನಾನೇ ಕಟ್ಟಿದ ಕತೆ."

ಸುಮಿತ್ರಾಳ ಕೈ ನಿಂತಿತು. "ಜ್ವರ ಬರೋ ಹಿಂದಿನ ದಿನ, ಅವಳು ಬೇಡಮ್ಮಾ ಅಂತ ಅತ್ರೂ ತಣ್ಣೀರಲ್ಲೇ ತಲೆಸ್ನಾನ ಮಾಡಿಸಿದ್ದೆ. ಅವತ್ತಿಂದ ನಾನೇ ಕೊಂದೆ ಅಂತ ಒಳಗೊಳಗೇ ಬೇಯ್ತಿದ್ದೆ. ಇವತ್ತು ಬಾವಿ ಅಂತ ಕೇಳಿದ ಮೇಲೆ ಎದೆ ಸ್ವಲ್ಪ ಹಗುರಾಯ್ತು. ಬಾವಿ ಇಲ್ಲ ಅಂದ್ರೆ... ಮತ್ತೆ ನಾನೇ ಅಲ್ವೇನ್ರೀ?"

ಜಗಲಿಯಲ್ಲಿ ದುರ್ಗಾಪ್ರಸಾದ್ ಕೆಮ್ಮಿ, ತಾವಿನ್ನೂ ಕಾಯುತ್ತಿರುವುದನ್ನು ತಿಳಿಸಿದರು.

ಬಾಲಚಂದ್ರ ಹಿತ್ತಿಲ ಹೆಜ್ಜೆಯ ಕಡೆಗೊಮ್ಮೆ ನೋಡಿದ. ಆಮೇಲೆ ಅಟ್ಟದಿಂದ ಇನ್ನೊಂದು ಟ್ರಂಕನ್ನು ಇಳಿಸಿದ.

"ಇತ್ತು ಕಣೇ" ಎಂದ. "ಬಾವಿ ಇತ್ತು."