ನಮ್ಮ ಹಾಡು ಯಾವುದು?

ಮದುವೆಯ ಮಾತನ್ನು ಆರ್ಲೋ ಬ್ರೆಕ್ಕೆ ಫೋನಿನಲ್ಲಿ ಎತ್ತಬಾರದಾಗಿತ್ತು. ಆ ಹಳ್ಳಿಗಾಡಿನಲ್ಲಿ ಏಳೆಂಟು ಮನೆಗಳಿಗೆ ಒಂದೇ ಫೋನ್ ತಂತಿ. ಒಂದು ಮನೆಯ ಗಂಟೆ ಬಡಿದರೆ ಉಳಿದವರೂ ಕೈಯ ಹಿಟ್ಟು ಒರೆಸಿಕೊಂಡು ಮೆಲ್ಲಗೆ ಫೋನೆತ್ತಿ ಕಿವಿಗಿಟ್ಟುಕೊಳ್ಳುವುದು ವಾಡಿಕೆ. ಇದು ಆರ್ಲೋಗೂ ಗೊತ್ತಿತ್ತು. ಆದರೆ ಏನು ಮಾಡುವುದು, ತಾನು ಮೆಚ್ಚಿದ ಹುಡುಗಿ ಲವರ್ನಳ ಎದುರು ನಿಂತರೆ ಅವನ ನಾಲಿಗೆ ಚಳಿಗಾಲದ ನೀರಿನ ಪಂಪಿನ ಹಾಗೆ ಹೆಪ್ಪುಗಟ್ಟಿಬಿಡುತ್ತಿತ್ತು.

“ಇವತ್ತು ಸಂಜೆ ಕೆರೆ ದಂಡೆ ಡ್ಯಾನ್ಸ್ ಹಾಲ್‌ಗೆ ದೊಡ್ಡ ಬ್ಯಾಂಡ್ ಬರ್ತಿದೆಯಲ್ಲ,” ಅಂದಳು ಲವರ್ನ್, ಆ ಶನಿವಾರ ಬೆಳಿಗ್ಗೆ. “ನಾವಿಬ್ರೂ ಮೊದಲನೇ ಸಲ ಕುಣಿದ್ವಲ್ಲ, ಆ ಹಾಡು ಬರಬೇಕು. ಅದು ನಿಂಗೆ ನೆನಪಿದ್ರೆ ನಾನು ಹೂಂ ಅಂತೀನಿ. ಇಲ್ದಿದ್ರೆ ಇಲ್ಲ.”

“ನೆನಪಿಲ್ದೆ ಏನು!” ಅಂದು ಆರ್ಲೋ ಫೋನಿಟ್ಟ.

ನೆನಪಿರಲಿಲ್ಲ. ನೆನಪಿದ್ದದ್ದು ಇಷ್ಟೇ: ಕಳೆದ ಚಳಿಗಾಲ, ಅದೇ ಹಾಲ್, ಬೆನ್ನಿಗೆ ಒಲೆಯ ಶಾಖ, ಲವರ್ನಳ ಕೆಂಪು ಉಣ್ಣೆಯ ಟೊಪ್ಪಿ, ಇಬ್ಬರ ಕಾಲಲ್ಲೂ ಹಿಮದ ರಬ್ಬರ್ ಬೂಟು. ಮತ್ತೆ ತಲೆಯೊಳಗೆಲ್ಲೋ ಒಂದು ರಾಗ, ಕುಂಟ ಕುರಿಯ ಹಾಗೆ ದಿಬ್ಬ ಏರುತ್ತ ಏರುತ್ತ ತಟ್ಟನೆ ಹಳ್ಳಕ್ಕೆ ಜಾರುವಂಥದ್ದು.

ಆರ್ಲೋನ ಕೆಲಸ ಮನೆಮನೆಯ ಹಾಲಿನ ಕ್ಯಾನು ಎತ್ತಿ ಲಾರಿಯಲ್ಲಿ ಬೆಣ್ಣೆ ಕಾರ್ಖಾನೆಗೆ ಸಾಗಿಸುವುದು. ಮೊದಲ ಮನೆ ಹಲ್ಡಾ ಚಿಕ್ಕಮ್ಮನದು. ಊರಿಗೆಲ್ಲ ಆಕೆ ಚಿಕ್ಕಮ್ಮ. ಲಾರಿ ನಿಲ್ಲುವ ಮೊದಲೇ ಅಂಗಳಕ್ಕೆ ಬಂದು ನಿಂತಿದ್ದಳು.

“ನಾನೇನೂ ಕೇಳಿಸ್ಕೊಂಡಿಲ್ಲಪ್ಪ,” ಅಂದಳು. “ಆದ್ರೆ ಆ ಹಾಡು ಯಾವ್ದು ಅಂತ ನಿಂಗೆ ಗೊತ್ತಿಲ್ಲ, ಅಲ್ವಾ?”

“ನಿಮಗೆ ಹೇಗೆ ಗೊತ್ತಾಯ್ತು?”

“ಸುಳ್ಳು ಹೇಳುವಾಗ ನೀನು ಮೂಗಲ್ಲಿ ಉಸಿರು ಬಿಡ್ತೀಯ. ಫೋನಲ್ಲಿ ಚೆನ್ನಾಗಿ ಕೇಳ್ಸತ್ತೆ. ಎಲ್ಲಿ, ಗುನುಗು ನೋಡೋಣ.”

ಗುನುಗಿದ. ಕ್ಯಾನಿನ ಪಕ್ಕ ಮಲಗಿದ್ದ ನಾಯಿ ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೊರಟುಹೋಯಿತು.

“ಅದು ‘ಕೋತಿ ಕದ್ದ ಕುಂಬಳಕಾಯಿ’ ಕಣೋ! ರೇಡಿಯೋದಲ್ಲಿ ದಿನಾ ಬರತ್ತಲ್ಲ.”

“ಕೋತಿ ಹಾಡಿಗೆ ಅಷ್ಟು ನಿಧಾನ ಕುಣಿಯೋಕಾಗತ್ತಾ ಚಿಕ್ಕಮ್ಮ? ಬೂಟು ಬೇರೆ ಹಾಕ್ಕೊಂಡಿದ್ವಿ.”

“ಬೂಟು ಹಾಕ್ಕೊಂಡು ಯಾರಾದ್ರೂ ಕುಣೀತಾರಾ! ನಿನ್ನ ತಲೆ ನೆಟ್ಟಗಿಲ್ಲ.”

ಮುಂದಿನ ಮನೆಗೆ ಲಾರಿ ಮುಟ್ಟುವ ಮುನ್ನ ಸುದ್ದಿ ತಂತಿಯಲ್ಲಿ ಮುಟ್ಟಿತ್ತು. ಅಲ್ಲಿ ಗಂಡ ಒಂದು ಹಾಡಿನ ಹೆಸರು ಹೇಳಿದ, ಹೆಂಡತಿ ಇನ್ನೊಂದು. ಆ ಹಾಡಿಗೆ ನೀನು ಯಾರ ಜೊತೆ ಕುಣಿದಿದ್ದೆ ಎಂದು ಅವರಿಬ್ಬರಲ್ಲೇ ಜಗಳ ಹತ್ತಿತು. ಆರ್ಲೋ ತಾನೇ ಕ್ಯಾನು ಎತ್ತಿಕೊಂಡು ಹೊರಟ. ಮಧ್ಯಾಹ್ನದ ಹೊತ್ತಿಗೆ ಅವನ ತಲೆ ಕಡೆದ ಮೊಸರಾಗಿತ್ತು.

ಪೇಟೆಯ ಕೆಫೆಯಲ್ಲಿ ಕ್ಷೌರಿಕ ಎಮಿಲ್ ಆಗಲೇ ಸುದ್ದಿ ತಿಳಿದು ಕಾಯುತ್ತಿದ್ದ. ಯುದ್ಧದಲ್ಲಿ ಸೈನ್ಯದ ಬ್ಯಾಂಡಿನಲ್ಲಿ ಕಹಳೆ ಊದಿದವನು. ಕಣ್ಣುಮುಚ್ಚಿ ಆರ್ಲೋನ ಗುನುಗು ಕೇಳಿ, ಹಲ್ಲುನೋವು ಬಂದವನಂತೆ ದವಡೆ ಹಿಡಿದುಕೊಂಡು ಹೇಳಿದ: “ಇದು ‘ಸ್ಟೇಷನ್ನಿನ ನೀಲಿ ದೀಪ’. ಇದರ ಮೇಲೆ ರೈಲು ಹತ್ತಿಸಿದ್ದೀಯ, ಅಷ್ಟೇ.”

ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸಿನಲ್ಲಿ ಆ ಹಾಡು ಹಾಕಿದರು. ಆರ್ಲೋ ಗೊಂದಲಕ್ಕೆ ಬಿದ್ದ. ರಾಗ ತನ್ನದೇ ಅನಿಸುತ್ತಿತ್ತು, ಆದರೂ ತನ್ನ ಅಂಗಿಯನ್ನು ಯಾರೋ ಇಸ್ತ್ರಿ ಮಾಡಿ ತೊಟ್ಟುಕೊಂಡು ಬಂದ ಹಾಗಿತ್ತು.

“ಇದೇ ಇರಬೇಕು,” ಅಂದ.

“ಇರಬೇಕು ಅಲ್ಲ, ಇದೇ!” ಅಂದಳು ಚರ್ಚಿನಲ್ಲಿ ಆರ್ಗನ್ ನುಡಿಸುವ ಟಿಲ್ಲಿ. “ಕುಣಿಯುವಾಗ ನೀನು ಅವಳ ಕಿವಿಯಲ್ಲಿ ಗುನುಗೇ ಗುನುಗ್ತೀಯ. ಹೀಗೆ ಗುನುಗಿದ್ರೆ ಹೂಂ ಅಂದವಳೂ ಊಹೂಂ ಅಂತಾಳೆ. ಬಾ ಇಲ್ಲಿ.”

ಮಧ್ಯಾಹ್ನವೆಲ್ಲ ಪಾಠ ನಡೆಯಿತು. ಹಳ್ಳಕ್ಕೆ ಜಾರುವ ಜಾಗ ಬಂದಾಗಲೆಲ್ಲ ಟಿಲ್ಲಿ ಚಮಚದಿಂದ ಮೇಜು ಕುಟ್ಟಿದಳು, ಎಮಿಲ್ “ಮೇಲೆ, ಮೇಲೆ!” ಎಂದು ಅವನ ಗದ್ದ ಎತ್ತಿದ. ಕೊನೆಗೆ ಕುರಿ ಜಾರದೆ ದಿಬ್ಬ ಹತ್ತಿ ನಿಂತಿತು. ಕೆಫೆಯವರೆಲ್ಲ ಚಪ್ಪಾಳೆ ತಟ್ಟಿ ಅವನಿಗೊಂದು ಸೇಬಿನ ಪೈ ತಿನ್ನಿಸಿದರು.

ಸಂಜೆ ಹಾಲ್ ಕಿಕ್ಕಿರಿದಿತ್ತು. ಬಿಳಿ ಕೋಟಿನ ಬ್ಯಾಂಡಿನವರು ಆರ್ಲೋನ ಕೋರಿಕೆಯಂತೆ ‘ನೀಲಿ ದೀಪ’ ಎತ್ತಿಕೊಂಡರು. ಜನ ಕುಣಿಯಲಿಲ್ಲ, ಎಲ್ಲರ ಕಣ್ಣೂ ಲವರ್ನಳ ಮುಖದ ಮೇಲೆ.

ಲವರ್ನ್ ತಲೆ ಅಲ್ಲಾಡಿಸಿದಳು. “ಇದಲ್ಲ.”

“ಇದೇ!” ಎಂದು ಎಮಿಲ್ ಕೂಗಿದ.

“ಕುಣಿದವಳು ನಾನಾ ನೀನಾ?” ಅಂದಳು ಲವರ್ನ್. ಬ್ಯಾಂಡು ಅಲ್ಲಿಗೇ ನಿಂತಿತು. ಅವಳು ಆರ್ಲೋ ಕಡೆ ತಿರುಗಿದಳು. “ಅವತ್ತು ಬ್ಯಾಂಡೇ ಬರ್ಲಿಲ್ಲ ಕಣೋ. ಅವರ ಬಸ್ಸು ಹಿಮದಲ್ಲಿ ಹೂತ್ಹೋಗಿತ್ತು. ಜನ ಬೈಕೊಂಡು ಮನೆಗೆ ಹೋದ್ರು. ನಾವೂ ಬೂಟು ಹಾಕ್ಕೊಂಡು ಹೊರಟಿದ್ವಿ. ನೀನು ಒಲೆ ಹತ್ರ ನನ್ನ ಕೈ ಹಿಡಿದು, ನೀನೇ ಗುನುಗ್ತಾ ಕುಣಿಸ್ದೆ. ಅಷ್ಟು ಕೆಟ್ಟದಾಗಿ ಯಾರೂ ಗುನುಗಿದ್ದು ನಾನು ಕೇಳಿರ್ಲಿಲ್ಲ. ಅದೇ ನಮ್ಮ ಹಾಡು. ಎಲ್ಲಿ, ಗುನುಗು.”

ಆರ್ಲೋನ ಎದೆಯ ಮೇಲಿನ ಕಲ್ಲು ಇಳಿಯಿತು. ಕೆಟ್ಟದಾಗಿ ಗುನುಗುವುದು ತಾನೇ? ಬಾಯಿ ತೆರೆದ. ಬಾಯಿಂದ ಟಿಲ್ಲಿಯ ಪಾಠ, ಒಂದು ಸ್ವರವೂ ಕೊಂಕದೆ, ಇಸ್ತ್ರಿ ಮಾಡಿಕೊಂಡು ಹೊರಬಂತು.

ಲವರ್ನಳ ಮುಖ ಇಳಿಯಿತು. “ಇದು ಬೇರೆಯವರದು.”

ಬೆವರೊರೆಸಿಕೊಂಡು ಆರ್ಲೋ ಕಣ್ಣು ಮುಚ್ಚಿದ. ಬೂಟು, ಒಲೆ, ಕೆಂಪು ಟೊಪ್ಪಿ ನೆನೆದುಕೊಂಡ. ಮೆಲ್ಲಗೆ ಒಂದು ಸ್ವರ ಜಾರಿತು. ಲವರ್ನಳ ಕಣ್ಣರಳಿತು. ಇನ್ನೇನು ಹಳ್ಳದ ಅಂಚಿಗೆ ಬಂದ—

“ಮೇಲೆ ಹೋಗೋ, ಮೇಲೆ!” ಹಲ್ಡಾ ಚಿಕ್ಕಮ್ಮ ಚೀರಿದಳು. ಟಿಲ್ಲಿ ಕೈ ಎತ್ತಿದಳು. ಪಾಪ, ಹುಡುಗನ ಮದುವೆಯ ಪ್ರಶ್ನೆ ಎಂದು ಇಡೀ ಹಾಲ್ ಒಂದೇ ದನಿಯಲ್ಲಿ ಸರಿಯಾದ ರಾಗ ಹಾಡಿತು. ಬ್ಯಾಂಡೂ ಸೇರಿಕೊಂಡು ಆರ್ಲೋನನ್ನು ಹಳ್ಳದಿಂದ ಎತ್ತಿ ದಿಬ್ಬದ ಮೇಲೆ ನಿಲ್ಲಿಸಿತು.

ಲವರ್ನ್ ಕೋಟು ಹಾಕಿಕೊಂಡಳು. “ನೆನಪಾದಾಗ ಬಾ,” ಅಂದಳು. “ಫೋನಂತೂ ಮುಟ್ಟಬೇಡ.”

ಹಿಂದಿರುಗುವಾಗ ಹಲ್ಡಾ ಚಿಕ್ಕಮ್ಮ ಲಾರಿಯಲ್ಲಿ ಪಕ್ಕಕ್ಕೇ ಬಂದು ಕೂತಳು. ಆರ್ಲೋ ದಾರಿಯುದ್ದಕ್ಕೂ ತಪ್ಪಾಗಿ ಗುನುಗಲು ಒದ್ದಾಡಿದ. ಖಾಲಿ ಕ್ಯಾನುಗಳ ಗಡಗಡದ ನಡುವೆಯೂ ರಾಗ ನೇಗಿಲ ಸಾಲಿನಷ್ಟು ನೆಟ್ಟಗೆ ಸಾಗಿತು.

ಚಿಕ್ಕಮ್ಮ ಅವನ ತೋಳು ತಟ್ಟಿದಳು.

“ಬೇಜಾರು ಮಾಡ್ಕೋಬೇಡ ಕಣೋ. ಎಷ್ಟು ಚೆನ್ನಾಗಿ ಕಲ್ತುಬಿಟ್ಟೆ ನೋಡು! ಇನ್ನು ಸಾಯೋ ತನಕ ಮರೆಯೋದಿಲ್ಲ.”