ನನ್ನ ಬಸ್ಸಿಗೆ ಬಂದ ಬಿಕ್ಕಳಿಕೆ

ನಮ್ಮ ಮನೆಯಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ಮೊದಲು ನನ್ನ ಮುಂದೆ ಬಂದು ಶರಣಾಗಬೇಕು. ಗ್ರೈಂಡರಿನ ಬೆಲ್ಟ್ ಜಾರಿದರೆ ನಾನು. ಮಿಕ್ಸಿ ಹೊಗೆ ಉಗುಳಿದರೆ ನಾನು. ಹಳೇ ಟೀವಿಯ ಯಾವ ಕೆನ್ನೆಗೆ ಬಾರಿಸಿದರೆ ಚಿತ್ರ ಬರುತ್ತದೆಂದು ತಿಳಿದಿದ್ದವಳೂ ನಾನೊಬ್ಬಳೇ. ಹಾಗಾಗಿ ನನ್ನ ಬಸ್ಸಿಗೆ ಬಿಕ್ಕಳಿಕೆ ಶುರುವಾದಾಗ ಸೊಸೆ ದಾಕ್ಷಾಯಿಣಿಯ ಮುಂದೆ ಘೋಷಿಸಿಬಿಟ್ಟೆ: "ಯಾವ ಮೆಕ್ಯಾನಿಕ್ಕೂ ಈ ಮನಿ ಹೊಸ್ತಿಲಾ ತುಳ್ಯಂಗಿಲ್ಲ. ನಾನಾ ರಿಪೇರಿ ಮಾಡ್ತೀನಿ!"

ಬಸ್ಸೆಂದರೆ ಕಂಪ್ಯೂಟರಿನೊಳಗಿನ ಬಸ್ಸು. ಮೊಮ್ಮಗಳು ತೇಜಶ್ರೀ ಆಟಕ್ಕೆಂದೇ ಹಟ ಹಿಡಿದು ಕೊಡಿಸಿಕೊಂಡ ಭಾರೀ ಕಂಪ್ಯೂಟರು. ಅವಳಿಗೆ ಕಾಲೇಜಿನ ಓದು ಹೆಚ್ಚಾದ ಮೇಲೆ ಅದರ ಸ್ಟೀರಿಂಗ್ ನನ್ನ ಕೈಗೆ ಬಂತು. ಹೌದು, ಮೇಜಿಗೆ ಕಚ್ಚಿಸುವ ನಿಜವಾದ ಸ್ಟೀರಿಂಗ್! ನಮ್ಮ ಯಜಮಾನರು ಇಲ್ಲೇ ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದರು. ಇರುವಷ್ಟು ಕಾಲ ನನಗೆ ಅಂಬಾಸಿಡರಿನ ಸ್ಟೀರಿಂಗ್ ಮುಟ್ಟಗೊಡಲಿಲ್ಲ. "ನೀ ಹಿಡದ್ರ ಕೋಯಂಬೇಡಿನ ಗೇಟ್ ಉಳಿಯಂಗಿಲ್ಲ, ಜಗದೇವಿ!" ಎಂದು ಮಂಡಿಯವರೆಲ್ಲ ಕೇಳುವಂತೆ ನಗುತ್ತಿದ್ದರು. ಈಗ ಅವರ ಫೋಟೋ ಸರಿಯಾಗಿ ಕಂಪ್ಯೂಟರಿನ ಮೇಲೆ ಗೋಡೆಗಿದೆ. ನಾನೇ ಅಲ್ಲಿ ಹಾಕಿಸಿದ್ದು. ನೋಡಲಿ!

ಭಾನುವಾರ ನಮ್ಮ ಬಳಗದ ಮೆರವಣಿಗೆ. ಎಲ್ಲೆಲ್ಲೋ ಕೂತವರು ಇಂಟರ್ನೆಟ್ಟಿನಲ್ಲಿ ಸೇರಿ ವಿಲ್ಲುಪುರದಿಂದ ಕೋಯಂಬೇಡಿಗೆ ಸಾಲಾಗಿ ಬಸ್ಸು ಓಡಿಸುವುದು. ಇದರ ಮೇಸ್ತ್ರಿ ಮಿಥುನ್. ಕೆಲಸ ಪೆರುಂಗುಡಿಯ ಆಫೀಸಿನಲ್ಲಿ, ವಾಸ ತ್ರಿಪ್ಲಿಕೇನಿನ ಲಾಡ್ಜಿನಲ್ಲಿ, ನನಗೆ ಗೊತ್ತಿರುವುದು ಅವನ ದನಿ ಮಾತ್ರ. ಈ ಸಲ ಎಲ್ಲರಿಗಿಂತ ಮುಂದಿನ ಬಸ್ಸು ನನ್ನದೆಂದು ಅವನು ಹೇಳಿದ ದಿನ ಫೋಟೋಕ್ಕೆ ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಏರಿಸಿದೆ. ಭಕ್ತಿಯಿಂದಲ್ಲ, ಬೇಕೆಂದೇ!

ಅದೇ ವಾರ ಬಿಕ್ಕಳಿಕೆ. ಬಸ್ಸು ತಾಂಬರಂನಲ್ಲಿದೆ, ಕಣ್ಣು ಮಿಟುಕಿಸಿದರೆ ಗಿಂಡಿ. ನಡುವಿನ ಊರುಗಳು ಎಲ್ಲಿ ಹೋದವೋ ಶಿವನೇ ಬಲ್ಲ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಇರುತ್ತದೆ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆ ಎಂಬುದು. ಅರವತ್ತಿದ್ದರೆ ಬಸ್ಸು ಬೆಣ್ಣೆ. ನನ್ನದು ಹದಿನಾಲ್ಕು! ಟೀ ಅಂಗಡಿಗೆ ಗುದ್ದಿದೆ, ರಸ್ತೆ ನಡುವಿನ ಕಟ್ಟೆಗೆ ಗುದ್ದಿದೆ, ಸುಮ್ಮನೆ ನಿಂತಿದ್ದ ಪೊಲೀಸ್ ಜೀಪಿಗೂ ಗುದ್ದಿದೆ.

"ಪಾಟಿ, ಉಂಗ ಬಸ್ ಕುದಿಕ್ಕುದು!" ಎಂದ ಮಿಥುನ್ ಹೆಡ್‌ಫೋನಿನಿಂದ ಕಿವಿಯೊಳಗೆ. ತಮಿಳಿನಲ್ಲಿ ಹಾಗೆಂದರೆ, ಅಜ್ಜಿ, ನಿಮ್ಮ ಬಸ್ಸು ಜಿಗಿಯುತ್ತಿದೆ ಎಂದು.

"ಎನ್ ತಪ್ಪಿಲ್ಲಪ್ಪಾ. ಮೆಷಿನ್ ತಪ್ಪು!"

ಭಾನುವಾರದೊಳಗೆ ಸರಿಹೋಗದಿದ್ದರೆ ಸಾಲಿನ ಮುಂದಿನ ಬಸ್ಸು ಬಳಗದ ರಘುವಿಗೆ ಎಂದ. ರಘುವಿಗೆ! ಇಂಡಿಕೇಟರ್ ಹಾಕದೆ ತಿರುಗುವ ಪ್ರಾಣಿಗೆ!

ಚಿಕಿತ್ಸೆ ಶುರುವಾಯಿತು. ತೇಜಶ್ರೀ ಪುಸ್ತಕದಿಂದ ತಲೆ ಎತ್ತದೆ, "ಅಜ್ಜೀ, ಸೆಟ್ಟಿಂಗ್ಸ್ ಕಮ್ಮಿ ಪಣ್ಣುಂಗ" ಎಂದಳು. ಕನ್ನಡ ಅವಳ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಕಮ್ಮಿ ಮಾಡುತ್ತ ಹೋದೆ. ನೆರಳು ತೆಗೆದೆ. ಮೋಡ ತೆಗೆದೆ. ಹೆದ್ದಾರಿಯ ಮರಗಳಿಗೆ ಕೈ ಹಾಕಿದಾಗ ದಾಕ್ಷಾಯಿಣಿ ಬಂದಳು.

"ಅತ್ತಿ, ಏನ್ ನಡಿಸೀರಿ?"

"ಮರ ತಗ್ಯಾಕತ್ತೀನಿ."

"ಮೊನ್ನೆ ನೆಳ್ಳ ತಗದ್ರಿ. ಇವತ್ತ ಮರ. ನಾಳಿಗೇನು?"

"ಪ್ಯಾಸೆಂಜರ್."

"ಮನಷ್ಯಾರ ಇಲ್ಲದ ಬಸ್ ಯಾರ ಸಲುವಾಗಿ ಓಡಸ್ತೀರಿ?"

"ನಿಮ್ಮ ಮಾವನ ಸಲುವಾಗಿ!"

ಅಂಕಿ ಮೂವತ್ತಕ್ಕೆ ಏರಿತು. ಬಟ್ಟಬಯಲಿನಲ್ಲಿ ಖಾಲಿ ಬಸ್ಸು, ನೆರಳೂ ಇಲ್ಲದ ದೆವ್ವದಂತೆ ಹೋಗುತ್ತಿತ್ತು. ಆದರೂ ಹೋಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಅನಾಹುತ. ಮೆಣಸಿನಕಾಯಿ ಒಣಗುವುದೇ ನಿಂತುಹೋಯಿತು!

ಆ ವಾರದ ಮೊದಲಲ್ಲೇ ನಡೆದ ಇದನ್ನು ಹೇಳಲೇಬೇಕು. ಚೆನ್ನೈಗೆ ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿದರೆ ಮಾಳಿಗೆಯ ಮೇಲೆ ಬಿಸಿಲೆಂಬುದು ನೆನಪು ಮಾತ್ರ. ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ ಬೂಸರು ಹಿಡಿಯುವ ಹೊತ್ತು. ಆಗ ಕಂಡುಹಿಡಿದೆ: ಕಂಪ್ಯೂಟರಿನ ತಲೆಯ ಮೇಲಿನ ಜಾಲರಿಯಿಂದ ಬರುವ ಗಾಳಿ ನಮ್ಮ ಗದಗಿನ ಬೇಸಿಗೆಗೆ ಏನೇನೂ ಕಡಿಮೆಯಿಲ್ಲ! ಮೊರದ ತುಂಬ ಮೆಣಸಿನಕಾಯಿ ಹರವಿ ಅದರ ಮೇಲಿಟ್ಟೆ. ಘಾಟಿಗೆ ಮನೆಮಂದಿಯೆಲ್ಲ ಸೀನತೊಡಗಿದಾಗ ಯಜಮಾನರ ಹಳೇ ಧೋತರ ಹೊದಿಸಿದೆ, ಮೊರಕ್ಕೂ ಕಂಪ್ಯೂಟರಿಗೂ ಸೇರಿಸಿಯೇ. ವಿಲ್ಲುಪುರಕ್ಕೆ ಹೋಗಿ ಬಂದರೆ ಒಂದು ಮಗ್ಗುಲು ಗರಿಗರಿ. ಒಂದು ಕರೆಂಟಿನಲ್ಲಿ ಎರಡು ಕೆಲಸ!

ಈಗ ಮರ ಮೋಡ ತೆಗೆದದ್ದೇ ಗಾಳಿ ತಣ್ಣಗಾಯಿತು. ಮೆಣಸಿನಕಾಯಿ ಕೈಗೆ ಮೆತ್ತಗೆ ಹತ್ತತೊಡಗಿತು. ನಾನು ಎಲ್ಲ ಮರಗಳನ್ನೂ ಮತ್ತೆ ನೆಟ್ಟೆ. ಮೆಣಸಿನಕಾಯಿ ಒಣಗಿತು, ಬಸ್ಸು ಒಂಬತ್ತಕ್ಕೆ ಇಳಿಯಿತು. ಎರಡಕ್ಕೂ ನಂಟಿದೆಯೆಂದು ಹೊಳೆಯಿತೇ? ಟೀವಿಯ ಕೆನ್ನೆ ಬಲ್ಲವಳಿಗೆ ಹೊಳೆಯಲಿಲ್ಲ!

ಭಾನುವಾರ, "ಎಲ್ಲಾಂ ರೆಡಿ" ಎಂದು ಮಿಥುನನಿಗೆ ಸುಳ್ಳು ಹೇಳಿ ಸಾಲಿನ ಮುಂದೆ ನಿಂತೆ. ಚೆಂಗಲ್ಪಟ್ಟು ಮುಟ್ಟುವಷ್ಟರಲ್ಲಿ ಹಿಂದಿನ ಏಳು ಬಸ್ಸುಗಳ ಹಾರನ್ನಿನಿಂದ ಕಿವಿ ಕಿತ್ತುಬಂತು. ಮಿಥುನ್ ಮೆರವಣಿಗೆ ನಿಲ್ಲಿಸಿದ.

"ಪಾಟಿ, ಟೆಂಪರೇಚರ್ ಎವ್ವಳವು?"

ಮೂಲೆ ನೋಡಿದೆ. ಚಿತ್ರದ ಅಂಕಿಯ ಕೆಳಗೆ ಕಂಪ್ಯೂಟರಿನ ಬಿಸಿಯ ಅಂಕಿ: ತೊಂಬತ್ತೇಳು.

"ಐಯೋ! ಕ್ಯಾಬಿನೆಟ್ ಮೇಲ ಏದಾವದು ಇರುಕ್ಕಾ?"

ಕಂಪ್ಯೂಟರಿನ ಮೇಲೆ ಏನಾದರೂ ಇದೆಯೇ ಅಂತೆ! "ಒಣ್ಣುಮಿಲ್ಲಪ್ಪಾ," ಎಂದೆ. ಏನೂ ಇಲ್ಲವೆಂದು. ಸುಳ್ಳಾಗಬಾರದೆಂದು ಸೇರಿಸಿದೆ: "ಮಿಳಗಾ ಮಟ್ಟುಂ." ಬರೀ ಮೆಣಸಿನಕಾಯಿ.

 ಮೊದಲು ಬಂದದ್ದು ರಘುವಿನ ದನಿ, ತನಗೂ ಒಂದು ಡಬ್ಬ ಬೇಕಂತೆ: "ಪಾಟಿ, ಎನಕ್ಕುಂ ಒರು ಡಬ್ಬಾ!"

ಮಿಥುನ್ ಮೊದಲ ದಿನವೇ ಹೇಳಿದ್ದ ಕುದಿಕ್ಕುದು ಎಂದು. ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡಿದ್ದರೆ ಅಂದೇ ರೋಗ ಗೊತ್ತಾಗುತ್ತಿತ್ತು!

"ದಾಕ್ಷಾಯಿಣೀ! ಓಡಿ ಬಾ! ಮೊರ ತಗೀ!"

ಬಂದಳು. ಪ್ರತಿಮೆ ಅನಾವರಣ ಮಾಡುವ ಮಂತ್ರಿಯಂತೆ ಧೋತರ ಸರಿಸಿದಳು. "ಅತ್ತಿ, ಮೆಷಿನ್ನಿಗೆ ಬಾಣಂತನ ಮಾಡಾಕತ್ತಿದ್ರೇನು?"

ನನ್ನ ಕಣ್ಣು ಪರದೆಯ ಮೂಲೆಗೆ ಅಂಟಿತ್ತು. ಅಂಕಿ ಏರುತ್ತಿತ್ತು. ಇಪ್ಪತ್ತು. ನಲವತ್ತು. ಅರವತ್ತು! ರಸ್ತೆ ರೇಷ್ಮೆಯಾಯಿತು. ಮರಗಳಿಗೆ ಎಲೆಗಳಿವೆಯೆಂದು ಅವತ್ತೇ ಕಂಡದ್ದು. ತಾಂಬರಂ ಆದ ಮೇಲೆ ಕ್ರೋಮ್‌ಪೇಟೆ ಬಂತು, ಅದಾದ ಮೇಲೆ ಪಲ್ಲಾವರಂ. ಒಂದೊಂದು ಊರೂ ಮರ್ಯಾದೆಯಿಂದ ಸರದಿ ಪ್ರಕಾರ ಬಂತು. ಗಿಂಡಿ ದಾಟಿತು. ನನ್ನ ಹಿಂದೆ ಏಳು ಬಸ್ಸು. ಎದುರಿಗೆ ಕೋಯಂಬೇಡು. ಗೋಡೆಯ ಫೋಟೋದತ್ತ ತಲೆ ಎತ್ತಿ, "ನೋಡ್ರಿ!" ಎಂದೆ.

ಅಷ್ಟೇ. ಅಷ್ಟರಲ್ಲಿ ಗೇಟು ಬಂದಿತ್ತು.

ಇಷ್ಟು ದಿನ ಗುದ್ದಿದ್ದು ನನಗೆ ಸರಿಯಾಗಿ ಕಂಡಿರಲಿಲ್ಲ. ಈ ಸಲ ಕಂಬ ಬಾಗಿದ್ದು, ಗಾಜು ಚೂರಾದದ್ದು, ಹಿಂದಿನ ಏಳೂ ಬಸ್ಸುಗಳು ಒಂದರ ಬೆನ್ನಿಗೊಂದು ಏರಿದ್ದು, ಒಂದು ಚಿತ್ರವೂ ತಪ್ಪದೆ ನುಣ್ಣಗೆ ಕಂಡಿತು.

"ಪಾಟಿ, ಲ್ಯಾಗಾ?" ಎಂದ ಮಿಥುನ್ ಮೆಲ್ಲಗೆ, ಮತ್ತೆ ಬಿಕ್ಕಳಿಕೆಯೇ ಎಂಬಂತೆ. ಒಳ್ಳೆಯ ಹುಡುಗ. ತಪ್ಪಿಸಿಕೊಳ್ಳಲು ದಾರಿ ತೋರಿಸುತ್ತಿದ್ದ.

ಮೂಲೆ ನೋಡಿದೆ. ಅರವತ್ತು. ಅಲುಗಲಿಲ್ಲ.

ಗೋಡೆಯ ಮೇಲೆ ಯಜಮಾನರು ನಗುತ್ತಿದ್ದರು. ಫೋಟೋ ತೆಗೆಸಿಕೊಂಡಾಗಲೇ ನಕ್ಕಿದ್ದರು, ಅದು ಬೇರೆ ಮಾತು.

ಬಾಗಿಲಲ್ಲಿ ದಾಕ್ಷಾಯಿಣಿ ಇನ್ನೂ ಮೊರ ಹಿಡಿದುಕೊಂಡೇ ನಿಂತಿದ್ದಳು. ಪರದೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅತ್ತಿ, ಮೆಣಸಿನಕಾಯಿ ತಿರುಗಿ ಅಲ್ಲೇ ಇಡ್ಲೇನ್ರಿ?"